ಕಿವಿಗೆ ಬಂದ ಜುಗಾರಿ ಕ್ರಾಸ್

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಓದುವುದು ನನಗೀಗ ಆಗದು. ನಲವತ್ತು ದಾಟಿದ ಕಣ್ಣು, ಕುಲುಕುವ ಸೀಟು. ಹಾಗಾಗಿ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಅನ್ನು ಈ ಸಲ ಮೊಬೈಲಿನಲ್ಲಿ ಕೇಳಿದೆ. 1994ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಹಿಂದೊಮ್ಮೆ ಓದಿದ್ದೆ. ಏಲಕ್ಕಿ ಬೆಳೆಗಾರ ಸುರೇಶ, ಅವನ ಹೆಂಡತಿ ಗೌರಿ, ಮಲೆನಾಡಿನ ಕಾಡಿನ ನಡುವಿನ ಕೂಡುರಸ್ತೆ, ಅಲ್ಲಿಯ ಕಳ್ಳ ವ್ಯವಹಾರ, ಹಳೆಯ ಕಾವ್ಯದೊಳಗಿನ ಒಗಟು, ಎಲ್ಲವೂ ಗೊತ್ತಿತ್ತು. ಆದರೂ ಮಸ್ಕಿಯಲ್ಲಿ ಬಸ್ಸು ನಿಂತಾಗ ಚಹಾಕ್ಕೆ ಇಳಿಯಲು ಮನಸ್ಸಾಗಲಿಲ್ಲ. ಕಥೆ ಗೊತ್ತಿದ್ದವನನ್ನೂ ಹಿಡಿದು ಕೂರಿಸಿದ್ದು ಏನು?

ಪುಸ್ತಕ ಕೈಯಲ್ಲಿದ್ದಾಗ ನಾವೆಲ್ಲ ಸ್ವಲ್ಪ ಕಳ್ಳರೇ. ವರ್ಣನೆ ಬಂದರೆ ಹಾರಿಸುತ್ತೇವೆ, ತಡೆಯಲಾರದೆ ಕೊನೆಯ ಪುಟ ಇಣುಕುತ್ತೇವೆ. ಉಳಿದ ಹಾಳೆಗಳ ದಪ್ಪವೇ 'ಇನ್ನೇನು ಮುಗಿಯಿತು' ಎಂದು ಬೆರಳಿಗೆ ಹೇಳಿಬಿಡುತ್ತದೆ. ಕೇಳುವಾಗ ಹಾಗಿಲ್ಲ. ಓದುವವರು ಉಸಿರೆಳೆದುಕೊಳ್ಳುವಷ್ಟು ಹೊತ್ತು ನಾವೂ ಕಾಯಬೇಕು. ಮೊದಲ ಓದಿನಲ್ಲಿ ನಾನು ಹಾರಿಸಿದ್ದ ಕಾಡಿನ ವಿವರಗಳೇ ಭಯವನ್ನು ಕಟ್ಟುತ್ತವೆ ಎಂಬುದು ನನಗೆ ತಿಳಿದದ್ದು ಈಗ.

ನಷ್ಟವೂ ಇದೆ. ಹಳೆಯ ಕಾವ್ಯದ ಒಗಟು ಬಂದಾಗ ಕಿವಿ ಸೋಲುತ್ತದೆ. ಕಣ್ಣಾದರೆ ಹಿಂದಿರುಗಿ ಒಂದೊಂದೇ ಪದ ಬಿಡಿಸುತ್ತಿತ್ತು. ಇನ್ನು ಕೆಲವು ವಾಚಕರಂತೂ ಖಳನ ಮಾತು ಬಂದೊಡನೆ ಗೊಗ್ಗರು ದನಿ ತೆಗೆಯುತ್ತಾರೆ. ಸಂಶಯ ಹುಟ್ಟಬೇಕಾದದ್ದು ವಾಕ್ಯದಿಂದ, ಗಂಟಲಿನಿಂದಲ್ಲ. ಕಣ್ಣು ಕಳೆದುಕೊಂಡವರಿಗಾಗಿ ಬ್ರಿಟನ್ನಿನಲ್ಲಿ 1935ರಲ್ಲಿ ಹೊರಬಂದ ಮೊದಲ 'ಮಾತಾಡುವ ಪುಸ್ತಕ'ಗಳಲ್ಲಿ ಅಗಾಥಾ ಕ್ರಿಸ್ಟಿಯ 'ದ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಒಂದು. ಅದರ ಗುಟ್ಟೆಲ್ಲ ಕಥೆ ಹೇಳುವವನ ಮಾತಿನಲ್ಲೇ ಅಡಗಿದೆ. ಓದುವವರ ದನಿ ಒಂದಿಷ್ಟು ಅಳುಕಿದರೂ ಕಾದಂಬರಿ ಅಲ್ಲಿಗೇ ಮುಗಿದಂತೆ.

ಉರ್ದು ಓದಿ ಬೆಳೆದವರಿಗೆ ಕೇಳುವ ಕುತೂಹಲ ಹೊಸದಲ್ಲ. ದೆಹಲಿಯ ಕೊನೆಯ ಹೆಸರಾಂತ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡರು. ಅದೇ ವರ್ಷ ಹುಟ್ಟಿದ ಇಬ್ನೆ ಸಫಿ ಬಾಲ್ಯದಲ್ಲೇ 'ತಿಲಿಸ್ಮೆ ಹೋಶ್‌ರುಬಾ' ಓದಿದವರು. 1952ರಿಂದ 'ಜಾಸೂಸಿ ದುನಿಯಾ' ಬರೆದರು. ದಾಸ್ತಾನಿನ ಕೇಳುಗರ ಮೊಮ್ಮಕ್ಕಳು ಅವರ ಓದುಗರಾದರು. ನನಗೆ ಇಬ್ನೆ ಸಫಿಯ ರುಚಿ ಹಚ್ಚಿದ್ದು ನಮ್ಮ ಆಪಾ.

ಆಪಾ ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವರು. ಸಂತೆಯಲ್ಲಿ, ಓಣಿಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಕನ್ನಡ ಮಾತಾಡುತ್ತಾರೆ. ಆದರೆ ಅಕ್ಷರ ಬಾರದು. ಇಪ್ಪತ್ತು ವರ್ಷಗಳಿಂದ ನಾನು ಕನ್ನಡದಲ್ಲಿ ಕಥೆ ಬರೆಯುತ್ತಿದ್ದೇನೆ. ಒಡಹುಟ್ಟಿದ ಅಕ್ಕ ಅವುಗಳಲ್ಲಿ ಒಂದನ್ನೂ ಓದಿಲ್ಲ. ಸಿಂಧನೂರಿನ ಅವರ ಮನೆಯಲ್ಲಿ ಫೋನನ್ನು ಒಲೆಯಿಂದ ಸ್ವಲ್ಪ ದೂರವಿಟ್ಟು 'ಜುಗಾರಿ ಕ್ರಾಸ್' ಹಚ್ಚಿದೆ. ರೊಟ್ಟಿ ತಟ್ಟುತ್ತಿದ್ದ ಕೈ ಮೆಲ್ಲಗೆ ನಿಂತಿತು. "ಉಸ್ ಛೋಕ್ರಿಕು ಕುಚ್ ನೈ ಹೋತಾ ನಾ?" ಎಂದು ಗೌರಿಯ ಬಗ್ಗೆ ಕೇಳಿದರು. ನಾನು ಹೇಳಲಿಲ್ಲ.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ಅಶೋಕನ ಹೆಸರೇ ಇದೆಯೆಂದು ನಾವು ಹೆಮ್ಮೆಪಡುತ್ತೇವೆ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಮಾತೂ ಅದರಲ್ಲಿದೆ. ಕಲ್ಲಿನಲ್ಲಿ ಕೊರೆದದ್ದೂ ಕಿವಿಗಾಗಿಯೇ. ಕೇಳುವುದು ಓದಿಗಿಂತ ಕಡಿಮೆ ದರ್ಜೆಯದು ಎನ್ನುವ ಸಾಹಿತಿ ಮಿತ್ರರು ಇದನ್ನು ನೆನೆಯಬೇಕು. ಲಿಪಿ ಮನೆಯೊಳಗೇ ಗೋಡೆ ಎಬ್ಬಿಸಿದ ಊರುಗಳು ನಮ್ಮವು.

ಹೊರಡುವಾಗ ಆಪಾ, "ತೇರಿ ಕಹಾನಿ ಭೀ ಐಸಾಚ್ ಸುನಾ ನಾ" ಎಂದರು. ಆ ರಾತ್ರಿ ನನ್ನದೊಂದು ಕಥೆಯನ್ನು ಓದಿ ರೆಕಾರ್ಡ್ ಮಾಡಲು ಕೂತೆ. ಮೂರನೆಯ ವಾಕ್ಯಕ್ಕೇ ಉಸಿರು ಸಾಲದೆ ತಡವರಿಸಿದೆ. ತೇಜಸ್ವಿಯವರ ವಾಕ್ಯಗಳು ಹಾಗೆ ಎಲ್ಲೂ ಎಡವಿರಲಿಲ್ಲ. ಇಷ್ಟು ವರ್ಷ ಪುಟದ ಮೇಲೆ ನನಗದು ಕಂಡಿರಲಿಲ್ಲ. ಈಗ ಆ ಕಥೆಯನ್ನು ತಿದ್ದುತ್ತಿದ್ದೇನೆ, ಆಪಾ ಕಾಯುತ್ತಿದ್ದಾರೆ.