ಕುದ್ರು ದ್ವೀಪವಲ್ಲವೇ?

ಪರೀಕ್ಷೆಯ ಮುನ್ನಾದಿನ ಸಂಬಂಧಿಕರ ಮನೆಯ ಹುಡುಗಿಯೊಬ್ಬಳು ಸಮಾಜ ವಿಜ್ಞಾನ ಬಾಯಿಪಾಠ ಮಾಡುತ್ತಿದ್ದಳು. ಸುತ್ತಲೂ ನೀರಿದ್ದರೆ ದ್ವೀಪ, ಮೂರು ಕಡೆ ನೀರಿದ್ದರೆ ಪರ್ಯಾಯ ದ್ವೀಪ, ಎರಡು ದೊಡ್ಡ ಭೂಭಾಗಗಳನ್ನು ಸೇರಿಸುವ ಕಿರಿದಾದ ನೆಲ ಭೂಸಂಧಿ. ಎಲ್ಲವೂ ಅವಳ ನಾಲಗೆಯ ತುದಿಯಲ್ಲಿತ್ತು. ನೀನು ದ್ವೀಪ ನೋಡಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಲಕ್ಷದ್ವೀಪ, ಅಂಡಮಾನ್, ಶ್ರೀಲಂಕಾ ಎಂದು ಉದಾಹರಣೆಗಳನ್ನು ಮಾತ್ರ ತಪ್ಪಿಲ್ಲದೆ ಒಪ್ಪಿಸಿದಳು. ಅವಳ ತಾಯಿಯ ತವರುಮನೆ ಇರುವುದು ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ. ರಜೆ ಬಂತೆಂದರೆ ದೋಣಿ ಹತ್ತಿ ಅಲ್ಲಿಗೆ ಹೋಗುವವಳು ಅವಳು. ಅದನ್ನು ನೆನಪಿಸಿದಾಗ ನಕ್ಕುಬಿಟ್ಟಳು: "ಅದು ಕುದ್ರು ಅಲ್ವಾ ಮಾಮಾ, ದ್ವೀಪ ಅಲ್ಲ!"

ಹುಡುಗಿ ದಡ್ಡಿಯಲ್ಲ. ಅವಳ ಉತ್ತರ ನಮ್ಮ ಶಾಲಾ ಭೂಗೋಳದ ಬಗ್ಗೆ ಒಂದು ತೀರ್ಪು. ಭೂಗೋಳ ಎಂದರೆ ಬೇರೆಲ್ಲೋ ಇರುವ ಸಂಗತಿ, ತಾನು ನಿಂತ ನೆಲ ಅದರೊಳಗೆ ಬರುವುದಿಲ್ಲ ಎಂದು ಯಾರೂ ಹೇಳಿಕೊಡದೆಯೇ ಅವಳು ಕಲಿತಿದ್ದಾಳೆ.

ವ್ಯಾಖ್ಯೆಗಳು ಬೇಡ ಎಂದು ನಾನು ವಾದಿಸುತ್ತಿಲ್ಲ. ಕುದ್ರುವನ್ನೂ ಅಂಡಮಾನನ್ನೂ ಒಂದೇ ಹೆಸರಿನಡಿ ತರುವ ಶಕ್ತಿ ವ್ಯಾಖ್ಯೆಗಿದೆ. ಆದರೆ ಆ ಶಕ್ತಿಯನ್ನು ನಾವು ಬಳಸುತ್ತಲೇ ಇಲ್ಲ. ಅಲ್ಲದೆ ನಾಲ್ಕು ಕಡೆ ನೀರು ಎಂಬ ಮಾತು ದ್ವೀಪದ ಅಂಚನ್ನು ಮಾತ್ರ ಹೇಳುತ್ತದೆ. ಆ ನೆಲ ಅಲ್ಲಿಗೆ ಹೇಗೆ ಬಂತು, ಅಲ್ಲಿ ಬದುಕುವವರಿಗೆ ಅದು ಏನು ಎಂಬುದು ಅದರಲ್ಲಿಲ್ಲ.

ನಮಗೆ ಹತ್ತಿರದ ದ್ವೀಪಗಳನ್ನೇ ನೋಡಿ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಬಂಡೆಗಳು ಕಂಬ ಕಂಬವಾಗಿ ನಿಂತಿವೆ. ಅವು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣ್ಣಗಾಗಿ ಆದವು. ಲಕ್ಷದ್ವೀಪ ಹವಳದ ಜೀವಿಗಳು ಕಟ್ಟಿದ ನೆಲ. ನಮ್ಮ ಕುದ್ರು ಹೊಳೆ ತಂದುಹಾಕಿದ ಹೂಳು ಮತ್ತು ಮರಳಿನ ನೆಲ. ಹೊಳೆ ಕೊಟ್ಟದ್ದನ್ನು ಹೊಳೆಯೇ ಕೊರೆದುಕೊಂಡು ಹೋಗಬಹುದು, ಮಿತಿಮೀರಿ ಮರಳು ತೆಗೆದರೆ ಇನ್ನೂ ಬೇಗ. ಬೇಸಿಗೆಯಲ್ಲಿ ಹೊಳೆಯ ಹರಿವು ತಗ್ಗಿ ಕಡಲಿನ ನೀರು ಮೇಲೇರಿದಾಗ ಕುದ್ರುವಿನ ಬಾವಿಯ ನೀರು ಉಪ್ಪಾಗುತ್ತದೆ. ಕೊಡ ಹಿಡಿದು ದೋಣಿ ಹತ್ತುವ ಹೆಂಗಸರಿಗೆ ಇದು ಗೊತ್ತು. ಪಾಠದಲ್ಲಿ ಇವೆಲ್ಲವೂ ಒಂದೇ ಸಾಲು, ಒಂದು ಅಂಕ.

ನಾಲ್ಕನೆಯ ಬಗೆಯ ದ್ವೀಪವೊಂದಿದೆ. ಅದನ್ನು ಮಾಡಿದವರು ನಾವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಹಿಂದಕ್ಕೆ ಹರಡಿದಾಗ ಊರುಗಳು ಮುಳುಗಿದವು, ಸಾವಿರಾರು ಜನ ಎದ್ದು ಹೋಗಬೇಕಾಯಿತು. ತುಮರಿಯ ಕಡೆ ಉಳಿದವರಿಗೆ ಸಾಗರ ಪೇಟೆಗೆ ಬರಲು ಲಾಂಚೇ ಹತ್ತಿರದ ದಾರಿಯಾಯಿತು. ಅಲ್ಲಿಗೆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ, ಅಂದರೆ ಆರು ದಶಕಗಳ ನಂತರ. ನಾಡಿಗೆಲ್ಲ ಬೆಳಕು ಕೊಟ್ಟ ಈ ನೀರು ಪಾಠದಲ್ಲಿ ಮಾನವ ನಿರ್ಮಿತ ಜಲಾಶಯ ಎಂದು ಕಾಣಿಸಿಕೊಳ್ಳುತ್ತದೆ. ಅದು ಸುಳ್ಳಲ್ಲ. ಆದರೆ ಆ ಮಾನವ ಯಾರು, ಮುಳುಗಿದ ಮಾನವರು ಯಾರು ಎಂದು ಮಕ್ಕಳು ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ.

ಪಾಠಪುಸ್ತಕ ಬಿಟ್ಟದ್ದನ್ನು ಕನ್ನಡ ಸಾಹಿತ್ಯ ಎತ್ತಿಕೊಂಡಿತು. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯಲ್ಲಿ ಅಣೆಕಟ್ಟಿನ ನೀರು ಏರಿದಂತೆ ಒಂದು ಬೆಟ್ಟ ನಿಧಾನವಾಗಿ ದ್ವೀಪವಾಗುತ್ತದೆ. ಅದರ ಮೇಲೆ ಒಂದು ಕುಟುಂಬ ಒಂಟಿಯಾಗುತ್ತದೆ. ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ಅದನ್ನು ಚಲನಚಿತ್ರವಾಗಿ ತಂದರು. ದ್ವೀಪ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಭಾಷೆಯಲ್ಲಿ ಬಂದ ಪೂರ್ಣ ಉತ್ತರಗಳಲ್ಲಿ ಇದೂ ಒಂದು. ದುರಂತವೆಂದರೆ ಸಾಹಿತ್ಯ ಒಂದು ಪಿರಿಯಡ್, ಭೂಗೋಳ ಇನ್ನೊಂದು ಪಿರಿಯಡ್. ಎರಡರ ನಡುವೆ ಗಂಟೆ ಬಾರಿಸುತ್ತದೆ.

ಹೀಗೆ ಕಲಿಯುವುದರಿಂದ ನಷ್ಟವೇನು ಎಂದು ಕೇಳಬಹುದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡದ ಮೇಲೆ ಮಳೆ ಬಿಡದೆ ಸುರಿದಿತ್ತು. ಗುಡ್ಡ ರಸ್ತೆಯನ್ನೂ ಅಲ್ಲಿದ್ದವರನ್ನೂ ಎಳೆದುಕೊಂಡು ಗಂಗಾವಳಿ ನದಿಗೆ ಬಿತ್ತು. ಮಣ್ಣಿನ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಪಾಠದಲ್ಲಿ ಗುಡ್ಡ ಒಂದು ಅಧ್ಯಾಯ, ನದಿ ಇನ್ನೊಂದು ಅಧ್ಯಾಯ. ನೆಲದ ಮೇಲೆ ಅವು ಬೇರೆ ಬೇರೆಯಲ್ಲ. ಗುಡ್ಡದ ಬುಡ ಕಡಿಯಬೇಡಿ, ಅದು ನೀರು ಕುಡಿದ ಮಣ್ಣು ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳಬಲ್ಲ ನಾಗರಿಕ ಎಲ್ಲಿ ತಯಾರಾಗಬೇಕು? ಭೂಗೋಳದ ತರಗತಿಯಲ್ಲಲ್ಲವೇ?

ಹಾಗೆ ಹೇಳಲು ಬೇಕಾದ ಮಾತುಗಳು ನಮ್ಮಲ್ಲಿ ಇಲ್ಲದಿಲ್ಲ. ಕರಾವಳಿಯ ರೈತರು ನೀರು ನಿಲ್ಲುವ ಬಗೆ ನೋಡಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದರು. ಬೈಲಿನಲ್ಲಿ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆ ನಂಬಿದ ಒಂದು. ಹೊಳೆ ಕಡಲು ಸೇರುವ ಜಾಗಕ್ಕೆ ಅಳಿವೆ ಎಂಬ ಹೆಸರಿದೆ. ಗಂಗೆ, ಕೃಷ್ಣೆ, ಕಾವೇರಿಯರ ಮುಖಜಭೂಮಿಯನ್ನು ನಮ್ಮ ಮಕ್ಕಳು ಚಿತ್ರಸಹಿತ ಬರೆಯುತ್ತಾರೆ. ಘಟ್ಟದಿಂದ ಥಟ್ಟನೆ ಇಳಿದು ಬರುವ ನಮ್ಮ ಗಿಡ್ಡ ಹೊಳೆಗಳು ಯಾಕೆ ಅಂತಹ ಮುಖಜಭೂಮಿ ಕಟ್ಟದೆ ಅಳಿವೆಯಲ್ಲಿ ಕೊನೆಗೊಳ್ಳುತ್ತವೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ದಿನವೂ ಅಳಿವೆ ದಾಟಿ ಮೀನಿಗೆ ಹೋಗುವವರ ಮಕ್ಕಳೂ ಅದನ್ನು ಪಾಠವೆಂದು ತಿಳಿದಿಲ್ಲ.

ನೆಲವನ್ನು ನೋಡಿ ಕಲಿಯುವುದು ಹೊಸ ವಿದ್ಯೆಯೇನೂ ಅಲ್ಲ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್‌ಬಿರೂನಿ ಇಲ್ಲಿನ ಮಣ್ಣನ್ನು ಅಗೆದಾಗ ಸಿಗುವ ಉರುಟು ಕಲ್ಲುಗಳನ್ನು ಗಮನಿಸಿದರು. ಪರ್ವತದ ಬಳಿ ಕಲ್ಲು ದೊಡ್ಡದು, ದೂರ ಹೋದಂತೆ ಸಣ್ಣದು, ನದಿ ನಿಧಾನವಾಗುವಲ್ಲಿ ಬರೀ ಮರಳು. ಈ ಬಯಲು ಒಂದು ಕಾಲದಲ್ಲಿ ಕಡಲಾಗಿದ್ದು, ನದಿಗಳು ತಂದ ಮಣ್ಣಿನಿಂದ ತುಂಬಿರಬೇಕು ಎಂದು ಅವರು ಊಹಿಸಿದರು. ಕಲ್ಲಿನ ಗಾತ್ರ ನೋಡಿ ನೆಲದ ಚರಿತ್ರೆ ಓದಿದ ಆ ವಿದ್ವಾಂಸರ ಹೆಸರನ್ನು ಅಭಿಮಾನದಿಂದ ಹೇಳುವ ನಾವು, ನಮ್ಮ ಸಂಸ್ಥೆಗಳ ಶಾಲೆಗಳಲ್ಲಿ ಮಕ್ಕಳನ್ನು ಹೊಳೆಬದಿಗೆ ಎಷ್ಟು ಸಲ ಕರೆದೊಯ್ದಿದ್ದೇವೆ? ಕಟ್ಟಡ, ಸಮವಸ್ತ್ರ, ಫಲಿತಾಂಶದ ಫ್ಲೆಕ್ಸ್‌ಗಳಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ನೋಡುವ ಅಭ್ಯಾಸ ಮಾತ್ರ ಅಲ್ಲೂ ಕಾಣಿಸುವುದಿಲ್ಲ.

ಶಾಲೆಯ ಹೊರಗಿನ ಬದುಕಿಗೂ ಪಾಠಕ್ಕೂ ನಂಟಿರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಪುಸ್ತಕಗಳಲ್ಲೂ ಅಲ್ಲಲ್ಲಿ ಚಟುವಟಿಕೆಗಳು ಸೇರಿಕೊಂಡವು. ಆದರೆ ಪರೀಕ್ಷೆ ಕೇಳುವುದು ಬಿಟ್ಟ ಸ್ಥಳ ತುಂಬುವುದನ್ನು. ಒಬ್ಬರೇ ಮೂರು ತರಗತಿ ನೋಡಿಕೊಳ್ಳುವ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಪ್ರಶ್ನೆಪತ್ರಿಕೆ ಬದಲಾದರೆ ಪಾಠ ತಾನಾಗಿ ಬದಲಾಗುತ್ತದೆ. ನಿಮ್ಮ ಊರಿನ ಮಳೆನೀರು ಯಾವ ತೋಡು ಸೇರಿ, ಯಾವ ಹೊಳೆಯಾಗಿ, ಎಲ್ಲಿ ಕಡಲು ಸೇರುತ್ತದೆ ಎಂದು ಐದು ಅಂಕಕ್ಕೆ ಕೇಳಲಿ. ಅದಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ. ಮಗು ಹಿರಿಯರನ್ನು ಕೇಳಬೇಕು, ತೋಡಿನ ಬದಿ ನಡೆಯಬೇಕು.

ಆ ಹುಡುಗಿಗೆ ದ್ವೀಪದ ಪ್ರಶ್ನೆಯಲ್ಲಿ ಪೂರ್ಣ ಅಂಕ ಬಂತಂತೆ. ಉದಾಹರಣೆಗೆ ಲಕ್ಷದ್ವೀಪ ಎಂದೇ ಬರೆದಳಂತೆ. ಕುದ್ರು ಎಂದು ಬರೆಯುವ ಧೈರ್ಯ ಅವಳಿಗೆ, ಅದಕ್ಕೆ ಅಂಕ ಕೊಡುವ ಧೈರ್ಯ ನಮಗೆ ಯಾವಾಗ ಬರುತ್ತದೆ?