ಆದರೇನಂತೆ? ಶಾಸನಸಭೆಯ ಒಂದು ಮೆಚ್ಚುಗೆಪತ್ರದ ವಿಮರ್ಶೆ



ಈ ಪುಟದಲ್ಲಿ ಕಾದಂಬರಿಯನ್ನೋ ನಾಟಕವನ್ನೋ ಸಿನಿಮಾವನ್ನೋ ವಿಮರ್ಶೆಗೆ ತೆಗೆದುಕೊಳ್ಳುವುದು ವಾಡಿಕೆ. ಈ ಸಲ ನಾವು ಒಂದು ಸರ್ಕಾರಿ ಕಾಗದವನ್ನು ಆರಿಸಿಕೊಂಡಿದ್ದೇವೆ. ಮುಖ ಸಿಂಡರಿಸಿ ಪುಟ ತಿರುವಬೇಡಿ, ಕಾಗದದ ಹಿಂದೆ ಒಳ್ಳೆಯ ಸಂಗೀತವಿದೆ.

2009ರ ಡಿಸೆಂಬರ್ 15ರಂದು ವಾಷಿಂಗ್ಟನ್ನಿನ ಪ್ರತಿನಿಧಿ ಸಭೆ ಒಂದು ನಿರ್ಣಯವನ್ನು 409-0 ಮತಗಳಿಂದ ಅಂಗೀಕರಿಸಿತು. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಗೆ ಐವತ್ತು ವರ್ಷ ತುಂಬಿದ್ದಕ್ಕೆ ಅದು ಗೌರವ. ನಿರ್ಣಯವನ್ನು ಮಂಡಿಸಿದವರು ಡೆಟ್ರಾಯಿಟ್‌ನ ಜಾನ್ ಕಾನ್ಯರ್ಸ್. ಇದೇ ಸಭೆ ಅದಕ್ಕೆ ಐದು ವಾರ ಚಿಲ್ಲರೆ ಮುಂಚೆ, ನವೆಂಬರ್ 7ರಂದು, ಆರೋಗ್ಯ ವಿಮೆಯ ಮಸೂದೆಯನ್ನು 220-215ರಲ್ಲಿ ಹೆಣಗಾಡಿ ಪಾಸು ಮಾಡಿತ್ತು. ವೈದ್ಯರಾದ ನಮಗೆ ಆ ಅಂಕಿ ಮರೆಯುವಂಥದ್ದಲ್ಲ. ಗಂಟಿನಿಂದ ದುಡ್ಡು ಬಿಚ್ಚಬೇಕಾದಲ್ಲಿ ಸಭೆ ಎರಡು ಹೋಳು, ಬರೀ ಹೊಗಳಬೇಕಾದಲ್ಲಿ ಒಬ್ಬರದೂ ತಕರಾರಿಲ್ಲ. ಇಂಥ ನಿರ್ಣಯಕ್ಕೆ ಅಧ್ಯಕ್ಷರ ಸಹಿ ಬೇಕಿಲ್ಲ, ಕಾನೂನಿನ ಬಲವೂ ಇಲ್ಲ.

ಕಾಗದವನ್ನು ಓದಿದರೆ ನಮ್ಮೂರಿನ ಬಿನ್ನವತ್ತಳೆಯೇ ಕಣ್ಣಮುಂದೆ ಬರುತ್ತದೆ. ಅಲ್ಲಿ ಪ್ರತಿ ಪ್ಯಾರಾ ‘ಸನ್ಮಾನ್ಯರೇ’ ಎಂದು ಶುರುವಾಗುವಂತೆ ಇಲ್ಲೂ ಪ್ರತಿ ಪ್ಯಾರಾಕ್ಕೆ ಒಂದೇ ಪದದ ತೋರಣ. ವಾದಕರ ಹೆಸರುಗಳಿವೆ, ಜಾಝ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಮುದ್ರಿಕೆ ಎಂಬ ಮಾತಿದೆ, ಜಾಝ್ ರಾಷ್ಟ್ರದ ನಿಧಿ ಎಂಬ ಘೋಷಣೆಯಿದೆ. ಸಂಗೀತ ಹೇಗಿದೆ ಎನ್ನುವುದು ಮಾತ್ರ ಇಲ್ಲ. ಮತ ಹಾಕಿದ 409 ಜನರಲ್ಲಿ ಎಷ್ಟು ಮಂದಿ ಅದನ್ನು ಪೂರ್ತಿ ಕೇಳಿದ್ದರೋ!

ಆದ್ದರಿಂದ ಆ ಕೆಲಸವನ್ನು ಇಲ್ಲಿ ನಾವೇ ಮಾಡಬೇಕಾಯಿತು. ಮೊದಲ ಕೃತಿಯ ಹೆಸರು ‘ಸೋ ವಾಟ್’, ಅಂದರೆ ನಮ್ಮ ‘ಆದರೇನಂತೆ?’. ಸಾಮಾನ್ಯವಾಗಿ ಹಿಂದೆ ನಿಂತು ತಾಳ ಕಾಯುವ ದೊಡ್ಡ ತಂತಿವಾದ್ಯ ಬಾಸ್ ಇಲ್ಲಿ ಮುಂದೆ ಬಂದು ಪ್ರಶ್ನೆ ಕೇಳುತ್ತದೆ. ಉಳಿದವರು ಭಜನೆಯಲ್ಲಿ ಸೊಲ್ಲು ಹೇಳಿದಂತೆ ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ: ಆದರೇನಂತೆ! ಆ ಬಾಸ್ ನುಡಿಸಿದ ಪಾಲ್ ಚೇಂಬರ್ಸ್ ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಡೇವಿಸ್ ಹುಟ್ಟಿದ್ದು 1926ರಲ್ಲಿ, ನಮ್ಮ ಇಲಿನಾಯ್‌ನ ಆಲ್ಟನ್‌ನಲ್ಲಿ. ಪ್ಲೇನ್‌ಫೀಲ್ಡ್ ಪಕ್ಕದ ಐ-55 ಹಿಡಿದು ದಕ್ಷಿಣಕ್ಕೆ ನಾಲ್ಕು ಗಂಟೆ ಕಾರು ಓಡಿಸಿದರೆ ಆ ಊರು ಸಿಗುತ್ತದೆ. ಅವರ ತಂದೆ ಹಲ್ಲಿನ ಡಾಕ್ಟರು.

ನಮ್ಮ ಕಿವಿಗೆ ಈ ಸಂಗೀತ ಅಷ್ಟೇನೂ ಪರಕೀಯವಲ್ಲ. ಅದರ ಸ್ವರಗಳು ಖರಹರಪ್ರಿಯದ ಸ್ವರಗಳೇ, ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ಎಂಟೆಂಟು ಅಳತೆಯ ನಾಲ್ಕು ಖಂಡಗಳು. ಮೊದಲೆರಡೂ ಒಂದೇ. ಮೂರನೆಯದಕ್ಕೆ ಬಂದಾಗ ಕಚೇರಿಯ ನಡುವೆ ಯಾರೋ ತುಂಟ ಹುಡುಗ ಶ್ರುತಿಪೆಟ್ಟಿಗೆಯನ್ನು ಒಂದು ಮನೆ ಮೇಲಕ್ಕೆ ತಿರುಗಿಸಿದಂತೆ ಇಡೀ ಷಡ್ಜವೇ ಸರಿಯುತ್ತದೆ. ನಾಲ್ಕನೆಯದರಲ್ಲಿ ಮತ್ತೆ ವಾಪಸು. ಗಮಕವಿಲ್ಲ, ನಿಜ. ಆದರೆ ಡೇವಿಸ್ ಒಂದು ಸ್ವರ ಊದಿ ಮುಂದಿನದನ್ನು ಊದದೆ ಬಿಡುವ ರೀತಿಯನ್ನು ಕೇಳಿ. ವಿಲಂಬಿತದಲ್ಲಿ ಮೌನವನ್ನು ಸಹಿಸಲು ಕಲಿತವರಿಗೆ ಅದು ತಟ್ಟನೆ ಹಿಡಿಸುತ್ತದೆ. ಅವರ ಬೆನ್ನಿಗೇ ಬರುವ ಜಾನ್ ಕೋಲ್ಟ್ರೇನ್ ಅವರ ಸ್ಯಾಕ್ಸೊಫೋನ್ ಅದಕ್ಕೆ ತದ್ವಿರುದ್ಧ, ಉಸಿರು ಬಿಡಲೂ ಪುರುಸೊತ್ತಿಲ್ಲ. ಈ ಎರಡು ಸ್ವಭಾವಗಳ ಜಗಳವೇ ಮುದ್ರಿಕೆಯ ರುಚಿ ಎಂದು ನಮ್ಮ ಅಭಿಪ್ರಾಯ.

ಈಗ ಕಾಗದದ ನಿಜವಾದ ದೋಷಕ್ಕೆ ಬರೋಣ. ಮುದ್ರಿಕೆ ಅಂಗಡಿಗೆ ಬಂದದ್ದು 1959ರ ಆಗಸ್ಟ್ 17ರಂದು. ಎಂಟು ದಿನ ಕಳೆದು, 25ರ ರಾತ್ರಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಎಂಬ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಡೇವಿಸ್ ಬಿಡುವಿನಲ್ಲಿ ಹೊರಗೆ ಬಂದು, ಒಬ್ಬ ಬಿಳಿಯ ಹೆಂಗಸನ್ನು ಟ್ಯಾಕ್ಸಿಗೆ ಹತ್ತಿಸಿ, ಅಲ್ಲೇ ನಿಂತಿದ್ದರು. ಪೊಲೀಸಿನವನು ಜಾಗ ಖಾಲಿ ಮಾಡು ಎಂದ. ನಾನು ಇಲ್ಲೇ ಕೆಲಸ ಮಾಡುವವನು ಎಂದು ಇವರು ಬೋರ್ಡಿನ ಮೇಲಿದ್ದ ತಮ್ಮ ಹೆಸರನ್ನೇ ತೋರಿಸಿದರು. ಇನ್ನೊಬ್ಬ ಪೊಲೀಸು ಬಂದು ತಲೆಗೆ ಬಾರಿಸಿದ. ತಲೆಗೆ ಹೊಲಿಗೆ ಬಿತ್ತು, ಕೇಸೂ ಇವರ ಮೇಲೆಯೇ ಬಿತ್ತು. ಕೊನೆಗೆ ಕೋರ್ಟಿನಲ್ಲಿ ಖುಲಾಸೆಯಾಯಿತು. ಹೊಡೆದವನೂ ಸಾರ್ವಜನಿಕ ಸೇವಕನೇ, ಅರ್ಧ ಶತಮಾನದ ಮೇಲೆ ಹೊಗಳಿದವರೂ ಸಾರ್ವಜನಿಕ ಸೇವಕರೇ. ಆ ರಾತ್ರಿಯ ಬಗ್ಗೆ ನಿರ್ಣಯದಲ್ಲಿ ಅಕ್ಷರವಿಲ್ಲ.

ಇದು ಅಮೆರಿಕದ ರೋಗ ಮಾತ್ರ ಎನ್ನುವಂತಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್ ಅವರಿಗೆ, ಜಾತಿಯ ಕಾರಣಕ್ಕೆ ಊಟದ ಎಂಜಲೆಲೆ ಎತ್ತಲು ತನಗೆ ಹೇಳಿಯಾರೇ ಎಂಬ ದಿಗಿಲಿತ್ತಂತೆ. ಅವರೇ ಆಮೇಲೆ ನೆನೆದುಕೊಂಡಿದ್ದಾರೆ. 2002ರಲ್ಲಿ ಪದ್ಮವಿಭೂಷಣ ಬಂತು. ಪದಕದ ಮೇಲೆ ಎಂಜಲೆಲೆಯ ಕಥೆ ಕೆತ್ತಲಾಗುವುದಿಲ್ಲ, ಒಪ್ಪೋಣ. ಆದರೆ ಪುಟಗಟ್ಟಲೆ ಬರೆಯಲು ಅವಕಾಶವಿದ್ದ ಕಾಗದಕ್ಕೆ ಆ ನೆಪವಿಲ್ಲ.

ಇಲಿನಾಯ್, ಮಿಷಿಗನ್ ರಾಜ್ಯಗಳ ಶಾಸನಸಭೆಗಳೂ ನಿವೃತ್ತರಾದ ಅಗ್ನಿಶಾಮಕರಿಗೆ, ಶಿಕ್ಷಕರಿಗೆ, ಪೊಲೀಸರಿಗೆ ಇಂಥ ಪತ್ರಗಳನ್ನು ಕೊಡುತ್ತವೆ. ಕೊಡಲಿ, ಸಂತೋಷ. 1990ರ ಆಗಸ್ಟ್ 28ರಂದು ಬೀಸಿದ ಸುಂಟರಗಾಳಿಗೆ 29 ಜನ ಸತ್ತು ಹೈಸ್ಕೂಲು ನೆಲಸಮವಾದ ಪ್ಲೇನ್‌ಫೀಲ್ಡಿನವರಿಗೆ ಸೇವಕರೆಂದರೆ ಯಾರು ಎಂದು ಬೇರೆ ಹೇಳಿಕೊಡಬೇಕಿಲ್ಲ. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆಯಲ್ಲ, ಆ ಮಾತು ನಿಜವಾಗುವುದು ಅಂಥ ದಿನಗಳಲ್ಲಿ. ನಮ್ಮ ತಕರಾರು ಅಚ್ಚಿನ ಬಗ್ಗೆ. ಒಂದೇ ಅಚ್ಚಿನಲ್ಲಿ ಎರೆದರೆ ಟ್ರಂಪೆಟ್ ಊದಿದವರೂ ಬೆಂಕಿ ಆರಿಸಿದವರೂ ಒಂದೇ ಮುಖದವರಾಗಿ ಕಾಣುತ್ತಾರೆ.

ಕಾನ್ಯರ್ಸ್ ಅವರಿಗೆ ನ್ಯಾಯ ಸಲ್ಲಿಸಬೇಕಾದರೆ ಇನ್ನೊಂದು ಮಾತು ಹೇಳಲೇಬೇಕು. 1987ರಲ್ಲಿ ಜಾಝ್ ರಾಷ್ಟ್ರದ ಅಪರೂಪದ ನಿಧಿ ಎಂದು ಎರಡೂ ಸದನಗಳಿಂದ ಹೇಳಿಸಿದವರು ಅವರೇ. ಆಗ ಮಾತು ಅಲ್ಲಿಗೇ ನಿಲ್ಲಲಿಲ್ಲ. 1990ರಲ್ಲಿ ಕಾಂಗ್ರೆಸ್ಸಿನ ಹಣದಿಂದ ಸ್ಮಿತ್‌ಸೋನಿಯನ್ ಸಂಸ್ಥೆಯ ಜಾಝ್ ವಾದ್ಯವೃಂದ ಹುಟ್ಟಿತು. ಅಲಬಾಮದ ಬಸ್ಸಿನಲ್ಲಿ ಸೀಟು ಬಿಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಅವರಿಗೆ ಕಾಂಗ್ರೆಸ್ಸಿನ ಚಿನ್ನದ ಪದಕ ಬಂದದ್ದು 1999ರಲ್ಲಿ. ಆದರೆ ಕಾನ್ಯರ್ಸ್ ಅವರ ಡೆಟ್ರಾಯಿಟ್ ಕಚೇರಿಯಲ್ಲಿ 1965ರಿಂದ 1988ರವರೆಗೆ ಅವರಿಗೆ ನೌಕರಿಯಿತ್ತು. ಎರಡರಲ್ಲಿ ದೊಡ್ಡ ಸನ್ಮಾನ ಯಾವುದು ಎಂದರೆ ನಾವು ಸಂಬಳದ ಚೆಕ್ಕನ್ನೇ ತೋರಿಸುತ್ತೇವೆ. ಇದೇ ಕಾನ್ಯರ್ಸ್ 2017ರಲ್ಲಿ ಕಚೇರಿಯ ಮಹಿಳೆಯರಿಗೆ ಕಿರುಕುಳ ಕೊಟ್ಟ ಆರೋಪಗಳ ನಡುವೆ, ಅವನ್ನು ನಿರಾಕರಿಸುತ್ತಲೇ, ರಾಜೀನಾಮೆ ಕೊಟ್ಟು ಹೋದರು. ಇದನ್ನು ಬರೆಯದೆ ಬಿಟ್ಟರೆ ನಮ್ಮದೂ ಬಿನ್ನವತ್ತಳೆಯೇ ಆದೀತು.

ಇಷ್ಟೆಲ್ಲ ಬೇರೆಯವರ ಕಾಗದ ಕೆದಕಿದ ನಾವು ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಕರ್ನಾಟಕ ಮೂಲದ ಭೌತವಿಜ್ಞಾನಿಯೊಬ್ಬರ ಮಗ ರುದ್ರೇಶ್ ಮಹಾಂತಪ್ಪ 1990ರ ದಶಕದಲ್ಲಿ ಶಿಕಾಗೋದಲ್ಲಿ ಓದಿ, ಇಲ್ಲೇ ಜಾಝ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಎಷ್ಟು ಕನ್ನಡಿಗರು ಹೋಗಿ ಕೇಳಿದೆವು? ನಾವಂತೂ ಹೋಗಲಿಲ್ಲ. ರೆಸಿಡೆನ್ಸಿಯ ನೈಟ್ ಡ್ಯೂಟಿ ಎಂದು ನೆಪ ಹೇಳಬಹುದು, ಆದರೆ ಊರಿನಿಂದ ಬಂದ ಸಿನಿಮಾ ತಾರೆಗೆ ಶಾಲು ಹೊದಿಸಲು ರಜೆ ಸಿಕ್ಕಿತ್ತಲ್ಲ! ಅದೇ ರುದ್ರೇಶ್ ಆಮೇಲೆ ಮಂಗಳೂರಿನ ಕದ್ರಿ ಗೋಪಾಲನಾಥರ ಜೊತೆಗೂಡಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆ ತಂದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದವರು ಗೋಪಾಲನಾಥರು, 2019ರಲ್ಲಿ ತೀರಿಕೊಂಡರು. ಮುದ್ರಿಕೆಯಲ್ಲಿ ಎರಡು ಸ್ಯಾಕ್ಸೊಫೋನುಗಳು ಒಂದನ್ನೊಂದು ಕೇಳಿಸಿಕೊಂಡು ಉತ್ತರ ಕೊಡುತ್ತವೆ. ಕೆಲವು ಕಡೆ ತಾಳದ ಲೆಕ್ಕಾಚಾರ ಅತಿಯಾಯಿತೇನೋ ಎನಿಸಿದರೂ, ಹಿರಿಯರಿಗೆ ಕಿರಿಯರು ಸಲ್ಲಿಸಿದ ಇಷ್ಟು ಚೆಂದದ ಗೌರವವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಕಳೆದ ಕಾರ್ಯಕ್ರಮದಲ್ಲಿ ಶಾಲೆಯ ಬ್ಯಾಂಡಿನ ನಮ್ಮ ಹುಡುಗನೊಬ್ಬ ಸ್ಯಾಕ್ಸೊಫೋನ್ ಹಿಡಿದು ವೇದಿಕೆಗೆ ಬಂದಾಗ ಅರ್ಧ ಸಭಾಂಗಣ ಊಟದ ಸಾಲಿಗೆ ಎದ್ದಿತ್ತು. ಮುಗಿದ ಮೇಲೆ ಹೂಗುಚ್ಛ, ಪ್ರಶಸ್ತಿಪತ್ರ, ಫೋಟೊ ಎಲ್ಲ ಆಯಿತು. ಪತ್ರದಲ್ಲಿ ವಾದ್ಯದ ಹೆಸರು ಟ್ರಂಪೆಟ್ ಎಂದಿತ್ತು. ರಾಜ್ಯೋತ್ಸವಕ್ಕೆ ಅವನು ‘ಸೋ ವಾಟ್’ ನುಡಿಸುತ್ತಾನಂತೆ, ಡೇವಿಸ್ ನುಡಿಸಿದಷ್ಟೇ ಉದ್ದ, ಒಂಬತ್ತು ನಿಮಿಷ ಚಿಲ್ಲರೆ. ಊಟದ ಸಮಿತಿಯವರ ಜೊತೆ ಮಾತಾಡಿದ್ದೇವೆ. ಬಿಸಿಬೇಳೆಭಾತಿನ ಮುಚ್ಚಳ ಆ ಹತ್ತು ನಿಮಿಷ ತೆಗೆಯುವುದಿಲ್ಲ ಎಂದು ಒಪ್ಪಿದ್ದಾರೆ.