ಸುಖದ ಬಾಗಿಲ ಮೇಲೆ ‘ನಾಳೆ ಬಾ’



ಹೋದ ಸಲ ಸೇರಿದ್ದಾಗ ಊಟದ ಹೊತ್ತಿಗೆ ಒಂದು ಪ್ರಶ್ನೆ ಎದ್ದದ್ದು ನಿಮಗೆ ನೆನಪಿರಬಹುದು. ಮನುಷ್ಯ ಸುಖವಾಗಿರುವುದಕ್ಕೂ ದೊಡ್ಡವನಾಗುವುದಕ್ಕೂ ಅಡ್ಡ ಬರುವುದು ಯಾವುದು? ಒಬ್ಬರು ದುಡ್ಡು ಅಂದರು, ಒಬ್ಬರು ಮ್ಯಾನೇಜರ್ ಅಂದರು, ಮತ್ತೊಬ್ಬರು ಹಣೆಬರಹ ಅಂದರು. ಮಾತು ಮುಗಿಯುವಷ್ಟರಲ್ಲಿ ಕೊನೆಯ ರೈಲಿನ ಹೊತ್ತಾಗಿತ್ತು. ಆದ್ದರಿಂದ ಈ ಸಲದ ಓದಿಗೆ ಆ ಪ್ರಶ್ನೆಗೆ ಹತ್ತಿರವಾದ ಕಥೆಯೊಂದನ್ನೇ ಆರಿಸಿಕೊಂಡೆವು. ಅದು ನಡೆದ ಜಾಗ ನಾವಿರುವ ಇಚಿಕಾವಾ ಊರೇ.

ಇಚಿಕಾವಾ ಸ್ಟೇಷನ್ನಿನಿಂದ ಉತ್ತರಕ್ಕೆ ನಡೆದರೆ ಮಾಮಾ ಎಂಬ ಕೇರಿ ಸಿಗುತ್ತದೆ. ಅಲ್ಲಿ ಕೆಂಪು ಕಟಕಟೆಯ ಪುಟ್ಟ ಸೇತುವೆ, ತೆಕೊನಾ ಎಂಬ ಹುಡುಗಿಯ ಹೆಸರಿನ ಗುಡಿ, ಕಡಿದಾದ ಮೆಟ್ಟಿಲು ಹತ್ತಿದರೆ ಗುಹೋಜಿ ದೇವಾಲಯ. ಚೆರಿ ಹೂವಿನ ಕಾಲದಲ್ಲಿ ನಾವೆಲ್ಲ ಅಲ್ಲಿ ಫೋಟೋ ಹೊಡೆಸಿಕೊಂಡವರೇ. ಉಯೆದಾ ಅಕಿನಾರಿ 1776ರಲ್ಲಿ ಅಚ್ಚು ಹಾಕಿಸಿದ ‘ಉಗೆತ್ಸು ಮೊನೊಗತಾರಿ’ಯ ಒಂಬತ್ತು ಕಥೆಗಳಲ್ಲಿ ‘ಅಸಾಜಿ ಗ ಯಾದೊ’ ಎಂಬುದು ಈ ಮಾಮಾದ ಕಥೆ. ಕಳೆಹುಲ್ಲು ಬೆಳೆದ ಮನೆ ಎಂದು ಹೆಸರಿನ ಅರ್ಥ. ನಾವು ಓದಿದ್ದು ಆಂಟನಿ ಚೇಂಬರ್ಸ್ ಅವರ 2007ರ ಇಂಗ್ಲಿಷ್ ಅನುವಾದದಲ್ಲಿ.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಕತ್ಸುಶಿರೊ ಮಾಮಾದ ಒಬ್ಬ ರೈತನ ಮಗ. ಬೇಸಾಯ ಕಂಡರಾಗದು. ಆಸ್ತಿ ಕರಗಿತು, ನೆಂಟರು ದೂರವಾದರು. ಕಳೆದ ಮಾನವನ್ನು ಮರಳಿ ಗಳಿಸಬೇಕೆಂದು ಉಳಿದ ಹೊಲವನ್ನೂ ಮಾರಿ ರೇಷ್ಮೆ ಕೊಂಡು, ವ್ಯಾಪಾರಿಯೊಬ್ಬನ ಜೊತೆ ಕ್ಯೋಟೋಗೆ ಹೊರಡುತ್ತಾನೆ. ಹೆಂಡತಿ ಮಿಯಾಗಿ ಬೇಡವೆನ್ನುತ್ತಾಳೆ, ಕೇಳುವುದಿಲ್ಲ. ಈ ಶರತ್ಕಾಲಕ್ಕೆ ಬಂದುಬಿಡುತ್ತೇನೆ ಎಂದು ಮಾತು ಕೊಡುತ್ತಾನೆ. ಅದು 1455ನೆಯ ಇಸವಿ. ಆ ಬೇಸಗೆಯಲ್ಲೇ ಈ ಸೀಮೆಯಲ್ಲಿ ಯುದ್ಧ ಹೊತ್ತಿಕೊಂಡಿತು. ಕ್ಯೋಟೋದಲ್ಲಿ ಸರಕು ಚೆನ್ನಾಗಿ ಬಿಕರಿಯಾಗಿ ಲಾಭವೂ ಬಂತು. ಹಿಂದಿರುಗುವಾಗ ಕಿಸೊ ದಾರಿಯಲ್ಲಿ ಕಳ್ಳರು ದೋಚಿದರು. ಮುಂದೆ ದಾರಿಗೆ ಅಡ್ಡಗಟ್ಟೆ ಹಾಕಿದ್ದಾರೆ, ಯಾರನ್ನೂ ಬಿಡುತ್ತಿಲ್ಲ ಎಂಬ ಸುದ್ದಿ. ಮನೆ ಸುಟ್ಟಿರಬೇಕು, ಅವಳು ಸತ್ತಿರಬೇಕು ಎಂದುಕೊಂಡು ತಿರುಗಿ ಹೋದ. ಓಮಿ ಸೀಮೆಯಲ್ಲಿ ಜ್ವರ ಬಂದು ಮಲಗಿದ. ಪುಣ್ಯಾತ್ಮರೊಬ್ಬರು ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಗುಣವಾಯಿತು, ಸ್ನೇಹಿತರಾದರು, ಏಳು ವರ್ಷ ಕಳೆಯಿತು.

ಕೊನೆಗೆ ಆ ಕಡೆಗೂ ಯುದ್ಧ, ರೋಗ ಬಂದಾಗ ಅವನಿಗೆ ಎಚ್ಚರವಾಗುತ್ತದೆ. ಹೊರಟು ಬರುತ್ತಾನೆ. ಹೊಳೆಯ ಸೇತುವೆ ಬಿದ್ದುಹೋಗಿದೆ. ಸಿಡಿಲು ಬಡಿದ ಪೈನ್ ಮರದ ಗುರುತಿನಿಂದ ಮನೆ ಕಂಡುಹಿಡಿಯುತ್ತಾನೆ. ಒಳಗೆ ದೀಪದ ಬೆಳಕು. ಮಿಯಾಗಿ ಬಾಗಿಲು ತೆಗೆಯುತ್ತಾಳೆ, ಅಳುತ್ತಾಳೆ. ಇಬ್ಬರೂ ಮಾತಾಡಿ ಮಲಗುತ್ತಾರೆ. ಬೆಳಗಿನ ಜಾವ ಮುಖಕ್ಕೆ ತಣ್ಣನೆ ಏನೋ ಬಿದ್ದು ಎಚ್ಚರವಾದರೆ ಮೇಲೆ ಮಾಡಿಲ್ಲ, ಆಕಾಶವಿದೆ. ಪಕ್ಕದಲ್ಲಿ ಹೆಂಡತಿಯಿಲ್ಲ, ಅವಳ ಸಮಾಧಿಯಿದೆ.

ಇದನ್ನು ದೆವ್ವದ ಕಥೆಯೆಂದು ಓದಿ ಮೈ ಜುಮ್ಮೆನಿಸಿಕೊಂಡು ಮುಚ್ಚಿಡಬಹುದು. ದುರಾಸೆಯ ಫಲ ಎಂದೂ ಓದಬಹುದು. ಮಿಜೊಗುಚಿ ಕೆಂಜಿ 1953ರಲ್ಲಿ ತೆಗೆದ ‘ಉಗೆತ್ಸು ಮೊನೊಗತಾರಿ’ ಚಿತ್ರ ಹೆಚ್ಚಾಗಿ ಈ ಎರಡನೆಯ ದಾರಿಯನ್ನೇ ಹಿಡಿಯಿತು. ಕಥೆಯನ್ನು ಬಿವಾ ಸರೋವರದ ದಡಕ್ಕೆ ಒಯ್ದು, ನಾಯಕನನ್ನು ಕುಂಬಾರನನ್ನಾಗಿ ಮಾಡಿ, ಅವನ ಪಕ್ಕಕ್ಕೆ ಸಮುರಾಯ್ ಆಗಬೇಕೆಂದು ಹಂಬಲಿಸುವ ಇನ್ನೊಬ್ಬನನ್ನು ಸೇರಿಸಿತು. ಒಬ್ಬನಿಗೆ ಹಣದ ಆಸೆ, ಒಬ್ಬನಿಗೆ ಹೆಸರಿನ ಆಸೆ, ಇಬ್ಬರ ಹೆಂಡಿರಿಗೂ ಕಷ್ಟ. ವೆನಿಸ್ಸಿನಲ್ಲಿ ಬೆಳ್ಳಿ ಸಿಂಹ ಪಡೆದ ಚಿತ್ರ ಅದು. ಅದರ ಸೊಬಗಿನ ಬಗ್ಗೆ ನಮ್ಮದು ಎರಡು ಮಾತಿಲ್ಲ. ಆದರೆ ಆಸೆಯೇ ತಪ್ಪು ಎಂಬ ತೀರ್ಪನ್ನು ಅದು ತುಸು ಬೇಗ ಕೊಟ್ಟುಬಿಡುತ್ತದೆ ಎಂದು ನಮಗೆ ಅನ್ನಿಸಿತು. ಆಸೆಯೇ ತಪ್ಪಾದರೆ ನಾವ್ಯಾರೂ ಬೆಂಗಳೂರಿನಲ್ಲಿ ವಿಮಾನ ಹತ್ತಬಾರದಿತ್ತು. 2000ದ ಆಸುಪಾಸಿನಿಂದ ಎದೊ ಹೊಳೆಯಾಚೆ ನಿಶಿಕಸಾಯಿಗೆ, ಈಚೆ ಗ್ಯೋತೊಕುವಿಗೆ ಬಂದು ಮನೆ ಹೂಡಿದ ಎಂಜಿನಿಯರುಗಳೆಲ್ಲ ತಪ್ಪಿತಸ್ಥರಾಗುತ್ತಾರೆ.

ಅಕಿನಾರಿ ಹಾಗೆ ಹೇಳುವವನಲ್ಲ. ಒಸಾಕಾದಲ್ಲಿ ಕಾಗದ, ಎಣ್ಣೆ ಮಾರುವ ಮನೆಗೆ ದತ್ತು ಹೋಗಿ ಬೆಳೆದವನು. ಕತ್ಸುಶಿರೊ ವ್ಯಾಪಾರಕ್ಕೆ ಹೊರಟದ್ದನ್ನು ಅವನು ಪಾಪವೆಂದು ತೋರಿಸುವುದಿಲ್ಲ. ವ್ಯಾಪಾರದಲ್ಲಿ ಗೆದ್ದನೆಂದೇ ಬರೆಯುತ್ತಾನೆ. ಹಾಗಾದರೆ ಅಡ್ಡ ಬಂದದ್ದು ಯಾವುದು? ಯುದ್ಧವೇ, ಕಳ್ಳರೇ, ಕಾಯಿಲೆಯೇ?

ಇಲ್ಲಿ ನಮಗೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ನೆನಪಾಯಿತು. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಮೇಲೆ ಬಂದ ನಾಗಪ್ಪ ಇದ್ದಕ್ಕಿದ್ದಂತೆ ಆರೋಪಕ್ಕೆ ಗುರಿಯಾಗಿ ಕೆಲಸದಿಂದ ಹೊರಗೆ ನಿಲ್ಲುತ್ತಾನೆ. ಅವನನ್ನು ಬೇಟೆಯಾಡುವವರು ನಿಜವಾಗಿಯೂ ಇದ್ದಾರೆ, ಅದು ಬರೀ ಭ್ರಮೆಯಲ್ಲ. ಆದರೂ ಪುಟ ತಿರುಗಿದ ಹಾಗೆ ನಾವು ನೋಡುವುದು ಹೊರಗಿನ ಬೇಟೆಗಾರರಿಗಿಂತ ಒಳಗಿನ ಭಯವನ್ನು. ಚಿತ್ತಾಲರು ಹೊರಗಿನದನ್ನೂ ಅಲ್ಲಗಳೆಯದೆ ಒಳಗಿನದನ್ನೂ ಬಿಟ್ಟುಕೊಡದೆ ಬರೆದರು. ಅಕಿನಾರಿಯನ್ನೂ ಹೀಗೇ ಓದಬೇಕು. ಹೊರಗಿನ ಅಡ್ಡಿ ಎಲ್ಲಿಗೆ ಮುಗಿಯಿತು, ಒಳಗಿನದು ಎಲ್ಲಿಂದ ಶುರುವಾಯಿತು ಎಂದು ಲೆಕ್ಕ ಹಾಕಬೇಕು.

ನಾವು ಲೆಕ್ಕ ಹಾಕಿದೆವು. ಕತ್ಸುಶಿರೊ ಹೊರಟದ್ದು ವಸಂತದಲ್ಲಿ. ಹಿಂದಿರುಗಲು ಹೊರಟು ದಾರಿಯಲ್ಲಿ ದೋಚಿಸಿಕೊಂಡದ್ದು ಅದೇ ವರ್ಷ. ಜ್ವರ ಬಿಟ್ಟು, ನಡೆಯಲು ಇನ್ನೂ ಶಕ್ತಿ ಸಾಲದೆ ಓಮಿಯಲ್ಲೇ ಉಳಿದಾಗ ಮರುವರ್ಷದ ವಸಂತ ಬಂತು. ಮಾಮಾದಲ್ಲಿ ಊರಿಗೆ ಊರೇ ಗುಳೆ ಹೋದಾಗಲೂ ಮಿಯಾಗಿ ಒಬ್ಬಳೇ ಮನೆ ಕಾದಳು. ಅವಳು ತೀರಿಕೊಂಡದ್ದು ಆ ಮರುವರ್ಷದ ಎಂಟನೆಯ ತಿಂಗಳಲ್ಲಿ ಎಂದು ಕೊನೆಗೆ ಊರಿನ ಮುದುಕನೊಬ್ಬ ಹೇಳುತ್ತಾನೆ. ಅಂದರೆ ಇವನು ಕಾಯಿಲೆಯಿಂದ ಎದ್ದು ಹೊಸ ಸ್ನೇಹಿತರನ್ನು ಸಂಪಾದಿಸುತ್ತಿದ್ದಾಗ ಅವಳಿನ್ನೂ ಬದುಕಿದ್ದಳು! ದಾರಿ ಸುಲಭವಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ವಸಂತ, ಒಂದು ಬೇಸಗೆಯ ಅವಕಾಶ ಇತ್ತು. ಅಕಿನಾರಿ ಇದನ್ನು ಎಲ್ಲೂ ಬೆರಳಿಟ್ಟು ತೋರಿಸುವುದಿಲ್ಲ. ಎರಡು ಕಡೆ ಎರಡು ಕಾಲಸೂಚನೆ ಇಟ್ಟು ಸುಮ್ಮನಾಗುತ್ತಾನೆ. ಕೂಡಿ ನೋಡುವ ಕೆಲಸ ಓದುಗರದ್ದು. ಇಡೀ ಕಥೆಯಲ್ಲಿ ನಮ್ಮನ್ನು ಹೆದರಿಸಿದ್ದು ದೆವ್ವವಲ್ಲ, ಈ ಲೆಕ್ಕ.

ಇನ್ನೊಂದು ಮಾತು. ಅವಳು ಸತ್ತಿರಬೇಕು ಎಂದು ಅವನು ನಂಬಿದ್ದು ದುಃಖದಿಂದಲೇ? ಇರಬಹುದು. ಆದರೆ ಆ ನಂಬಿಕೆ ಅವನಿಗೆ ಅನುಕೂಲವೂ ಆಗಿತ್ತು. ಸತ್ತವಳಿಗಾಗಿ ಅವಸರದಲ್ಲಿ ಹೊರಡಬೇಕಾಗಿಲ್ಲವಲ್ಲ. ಅವಳು ಹೇಗೂ ಅಲ್ಲೇ ಇರುತ್ತಾಳೆ ಎಂದುಕೊಂಡು ತಡಮಾಡುವುದೂ ಅಷ್ಟೇ ಅನುಕೂಲ. ಎರಡೂ ಒಂದೇ ಮನಸ್ಸಿನ ಎರಡು ನೆಪ.

ಮಾತು ಇಲ್ಲಿಗೆ ಬಂದಾಗ ನಮ್ಮಲ್ಲೊಬ್ಬರು ತಮ್ಮದೇ ಅನುಭವ ಹೇಳಿದರು. ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ಭಾರತ ಹೊರದೇಶದ ವಿಮಾನಗಳನ್ನು ನಿಲ್ಲಿಸಿತು, ಜಪಾನೂ ಗಡಿ ಬಿಗಿ ಮಾಡಿತು. ಊರಿನಲ್ಲಿ ಅವರ ತಾಯಿ ಒಬ್ಬರೇ. ದಿನಾ ವಿಡಿಯೋ ಕಾಲ್‌ನಲ್ಲಿ, “ದಾರಿ ತೆಗೆದ ತಕ್ಷಣ ಬರ್ತೀನಮ್ಮ” ಎಂದು ಹೇಳುತ್ತಿದ್ದರಂತೆ. ದಾರಿ ತೆಗೆಯಿತು. ಆಗ ಪ್ರಾಜೆಕ್ಟ್ ಮುಗಿಯುವ ಹಂತ. ಆಮೇಲೆ ಬಡ್ತಿಯ ಮಾತು. ಆಮೇಲೆ ಮಗನ ಶಾಲೆ. “ಅವಸರ ಏನಿಲ್ಲಪ್ಪ, ನಿನ್ನ ಕೆಲಸ ನೋಡ್ಕೊ,” ಅಂದರಂತೆ ಅಮ್ಮ. 2023ರಲ್ಲಿ ಇವರು ಹೋದದ್ದು ತಿಥಿಗೆ. “ಕೊರೋನಾದಿಂದ ಹೋಗಲಾಗಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಈ ಕಥೆ ಓದಿದ ಮೇಲೆ ಹಾಗೆ ಹೇಳೋಕಾಗಲ್ಲ,” ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗೆಂದು ಊರು ಬಿಟ್ಟದ್ದೇ ತಪ್ಪೆಂದು ತಿಳಿಯಬೇಡಿ. ಮಾಸ್ತಿಯವರ ‘ಸುಬ್ಬಣ್ಣ’ (1928) ಓದಿದವರಿಗೆ ಇದು ಗೊತ್ತು. ಮೈಸೂರಿನ ಸುಬ್ಬಣ್ಣನಿಗೆ ಸಂಗೀತದ ಹುಚ್ಚು. ತಂದೆಯೊಡನೆ ಮನಸ್ತಾಪವಾಗಿ ಊರು ಬಿಟ್ಟು ದೂರದ ಕಲಕತ್ತೆಗೆ ಹೋಗುತ್ತಾನೆ. ಅಲ್ಲಿ ತನ್ನವರನ್ನು ಸಾವಿಗೆ ಒಪ್ಪಿಸುತ್ತಾನೆ. ಕತ್ಸುಶಿರೊಗಿಂತ ಅವನ ನಷ್ಟ ಕಡಿಮೆಯದಲ್ಲ. ಆದರೂ ಪುಸ್ತಕ ಮುಚ್ಚಿದಾಗ ಸುಬ್ಬಣ್ಣ ದೊಡ್ಡವನಾಗಿ ಕಾಣುತ್ತಾನೆ, ಕತ್ಸುಶಿರೊ ಕಾಣುವುದಿಲ್ಲ. ಏಕೆ? ಸುಬ್ಬಣ್ಣ ಹೆಂಡತಿಯನ್ನು ಜೊತೆಯಲ್ಲಿ ಕರೆದುಕೊಂಡು ಹೊರಟ. ಸಂಗೀತವನ್ನು ಮುಂದೊಂದು ದಿನಕ್ಕೆಂದು ಗಂಟು ಕಟ್ಟಿಡಲಿಲ್ಲ. ಬಂದ ದುಃಖವೆಲ್ಲ ಅವನ ನಾದದೊಳಗೇ ಹಣ್ಣಾಯಿತು. ಹೆಸರು ಗಳಿಸುವ ಆಸೆ ಕಳಚಿದ ಮೇಲೆ ಅವನ ಹಿರಿಮೆ ಶುರುವಾಗುತ್ತದೆ. ಮಾಸ್ತಿ ಇದನ್ನು ದನಿ ಏರಿಸದೆ ಹೇಳುತ್ತಾರೆ. ಅದಕ್ಕೇ ನಂಬುತ್ತೇವೆ.

ಜೊತೆಯಲ್ಲಿರುವುದೇ ಉತ್ತರವೇ? ಅದೂ ಪೂರ್ತಿಯಲ್ಲ. ನಮ್ಮ ಊರಿನಲ್ಲೇ ಇನ್ನೊಂದು ಉದಾಹರಣೆಯಿದೆ. ನಾಗಾಯಿ ಕಾಫು 1946ರಿಂದ 1959ರಲ್ಲಿ ತೀರಿಕೊಳ್ಳುವವರೆಗೂ ಇಚಿಕಾವಾದಲ್ಲಿದ್ದ. 1952ರಲ್ಲಿ ದೇಶದ ದೊಡ್ಡ ಗೌರವವಾದ ಸಂಸ್ಕೃತಿ ಪದಕ ಬಂತು. ಇದ್ದದ್ದು ಒಂಟಿಯಾಗಿ, ಸತ್ತದ್ದೂ ಒಂಟಿಯಾಗಿ. ಕೈಚೀಲದಲ್ಲಿ ಪಾಸ್ ಪುಸ್ತಕ, ಅದರಲ್ಲಿ ಎರಡು ಕೋಟಿ ಯೆನ್‌ಗೂ ಮಿಕ್ಕಿದ ಉಳಿತಾಯ. ಪಾಪ ಎನ್ನುವವರು ಬಹಳ. ಆದರೆ 1917ರಿಂದ ಸಾಯುವ ಹಿಂದಿನ ದಿನದವರೆಗೆ ಅವನು ದಿನಚರಿ ಬರೆದ. ಕೊನೆಯ ದಿನ ಬರೆದದ್ದು ತಾರೀಕು, ರಜಾದಿನವೆಂಬ ಮಾತು, ಆಕಾಶದ ಸ್ಥಿತಿ, ಅಷ್ಟೇ. ಅವನ ಒಂಟಿತನವನ್ನು ನಾವು ಬಯಸುವುದಿಲ್ಲ. ಆದರೆ ತಾನು ಬಯಸಿದ ಬದುಕನ್ನು ಅವನು ದಿನವೂ ಬದುಕಿದ, ಯಾವ ಶರತ್ಕಾಲಕ್ಕೂ ಮುಂದೂಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಅಕಿನಾರಿಯ ಕಥೆಯ ಬಗ್ಗೆ ಒಂದು ಆಕ್ಷೇಪವೂ ಬಂತು. ಡಿಪೆಂಡೆಂಟ್ ವೀಸಾದಲ್ಲಿ ಬಂದು ವರ್ಷಗಟ್ಟಲೆ ಮನೆಯಲ್ಲಿ ಉಳಿದ ನಮ್ಮ ಗೆಳತಿಯರು ಕೇಳಿದರು: ಮಿಯಾಗಿಗೆ ಬೇಕಾದದ್ದು ಏನೆಂದು ಯಾರಾದರೂ ಕೇಳಿದರೇ? ನ್ಯಾಯವಾದ ಪ್ರಶ್ನೆ. ಮುದುಕ ಕೊನೆಯಲ್ಲಿ ಅವಳನ್ನು ತೆಕೊನಾಳೊಂದಿಗೆ ಹೋಲಿಸುತ್ತಾನೆ. ಎಂಟನೆಯ ಶತಮಾನದ ‘ಮಾನ್ಯೊಶೂ’ ಸಂಕಲನದಲ್ಲೇ ಬರುವ ಹೆಣ್ಣು ತೆಕೊನಾ. ಹಲವರು ತನ್ನನ್ನು ಬಯಸಿದ್ದರಿಂದ ನೊಂದು ನೀರಿಗೆ ಬಿದ್ದವಳು. ಒಬ್ಬಳು ಸತ್ತು ದೊಡ್ಡವಳಾದಳು, ಇನ್ನೊಬ್ಬಳು ಕಾದು ಸತ್ತು ದೊಡ್ಡವಳಾದಳು. ಹೆಣ್ಣಿಗೆ ಕಥೆ ಕೊಡುವ ಹಿರಿಮೆ ಇಷ್ಟೇ. ಗಂಡಸು ತನ್ನ ಸುಖವನ್ನು ಮುಂದೂಡಿದರೆ ಅದು ಅವನ ಆಯ್ಕೆ. ಅವಳ ಸುಖವನ್ನೂ ಅವನೇ ಮುಂದೂಡಿದ, ಅವಳನ್ನು ಕೇಳದೆ. ಕತ್ಸುಶಿರೊನ ನಿಜವಾದ ಅಪರಾಧ ಇದೇ ಎಂದು ನಮಗೆ ಕಾಣುತ್ತದೆ. ಅಕಿನಾರಿ ಇದನ್ನು ಅರ್ಧ ಮಾತ್ರ ಕಂಡ.

ಕೊನೆಯದಾಗಿ, ನಮ್ಮ ಕಡೆಯ ಒಂದು ದೆವ್ವದ ಮಾತು. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರು ಮರೆತಿರಲಿಕ್ಕಿಲ್ಲ. ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಮನೆಮನೆಯ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ಬಂದು ಓದಿ ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಓದಬೇಕು. ದೆವ್ವಕ್ಕೆ ಅದು ಒಳ್ಳೆಯ ಉಪಾಯ. ನಾವು ಮಾಡಿರುವ ತಪ್ಪೆಂದರೆ ಅದೇ ಬರಹವನ್ನು ಸುಖದ ಎದುರಿಗೂ, ಒಳ್ಳೆಯ ಕೆಲಸದ ಎದುರಿಗೂ ಬರೆದಿಟ್ಟದ್ದು. ಪಿ.ಆರ್. ಸಿಗಲಿ, ಮನೆಯ ಸಾಲ ತೀರಲಿ, ಮಗಳು ಹೈಸ್ಕೂಲು ಮುಗಿಸಲಿ, ಆಮೇಲೆ ಬಾ. ದೆವ್ವವಾದರೆ ದಿನಾ ಬಂದೀತು. ಅಮ್ಮ ಬರುವುದಿಲ್ಲ. ಅರ್ಧ ಬರೆದಿಟ್ಟ ಕಾದಂಬರಿಯೂ ಎಷ್ಟು ದಿನ ಬಂದೀತು?

ಈ ವಾರ ಸಾಧ್ಯವಾದರೆ ಮಾಮಾದ ಕಡೆ ಒಂದು ಸುತ್ತು ಹೋಗಿ ಬನ್ನಿ. ಆ ಪುಟ್ಟ ಸೇತುವೆ ದಾಟಲು ಹತ್ತು ಹೆಜ್ಜೆ ಸಾಕು. ಹಾಗೇ ಊರಿಗೆ ಟಿಕೆಟ್ಟಿನ ದರವನ್ನೂ ಒಮ್ಮೆ ನೋಡಿ. ಕಥೆಯ ಬಗ್ಗೆ ನಿಮ್ಮ ಅಭಿಪ್ರಾಯ ನಮ್ಮದಕ್ಕಿಂತ ಬೇರೆಯಾಗಿದ್ದರೆ ತಪ್ಪದೆ ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ‘ಮುಂದಿನ ಸಂಚಿಕೆ’ ಎಂದು ನಾವೇ ಬರೆಯುತ್ತಿರುವುದು ಗಮನಕ್ಕೆ ಬಂತು. ಆದ್ದರಿಂದ ಇವತ್ತೇ ಬರೆಯಿರಿ.